ಸ್ಕೂಟರಿನವನ ಹೆಸರೇನು?

ತಿರುವನಂತಪುರ
14 ಜೂನ್ 2025

ಚಿರಂಜೀವಿ ಜೀವಿತಾಳಿಗೆ ರುದ್ರಪ್ಪ ಮಾಮಾನ ಆಶೀರ್ವಾದಗಳು.

ಮಗಳು ಕೃಪಾಳ ಕೈ ಮುರಿದ ಸುದ್ದಿಯನ್ನು ಬುಧವಾರ ಸಂಜೆ ನೀನು ನಿನ್ನ ಅತ್ತೆಗೆ ಫೋನಿನಲ್ಲಿ ಹೇಳಿದೆಯಂತೆ. ರತ್ನ ಅದನ್ನು ನನಗೆ ಹೇಳಿದ್ದು ಮರುದಿನ ಬೆಳಿಗ್ಗೆ, ಬ್ಯಾಂಕಿಗೆ ಹೊರಡುವ ಅವಸರದಲ್ಲಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ. ನನಗೆ ಕೇಳಿಸಿದ್ದು ಇಷ್ಟು: ಶಾಲೆಯ ಬಸ್ಸು, ಸ್ಕೂಟರು, ಎಡಗೈ, ಪ್ಲಾಸ್ಟರು. ನಡುವಿನ ಕ್ರಿಯಾಪದಗಳೆಲ್ಲ ಬಿಟ್ಟುಹೋಗಿವೆ.

ನನ್ನ ಕಿವಿಯ ಸಂಗತಿ ನಿನಗೆ ಗೊತ್ತು. ಯಂತ್ರ ಹಾಕಿಕೊಂಡು ಫೋನು ಹಿಡಿದರೆ ಕುಕ್ಕರಿನಂತೆ ಸಿಳ್ಳೆ ಹೊಡೆಯುತ್ತದೆ. ವಾಟ್ಸಾಪಿನಲ್ಲಿ ನೀನು ಕಳಿಸುವ ಅಳುವ ಮುಖ, ಮುಗಿದ ಕೈಗಳಿಂದ ನನಗೆ ಏನೂ ತಿಳಿಯುವುದಿಲ್ಲ. ಮೂವತ್ನಾಲ್ಕು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ಓದಿದವನು ನಾನು. ಆದ್ದರಿಂದ ಕಾಗದದಲ್ಲಿ ಬರೆದು ಕಳಿಸು. ಬಸ್ಸು ಎಲ್ಲಿ ನಿಂತಿತ್ತು? ಬಸ್ಸಿನ ಆಯಾ ಕೆಳಗಿಳಿದಿದ್ದಳೋ ಇಲ್ಲವೋ? ಸ್ಕೂಟರಿನ ನಂಬರೇನು? ಸ್ಕೂಟರಿನವನ ಹೆಸರೇನು? ಪೊಲೀಸರಿಗೆ ಹೇಳಿದ್ದೀರಾ? ಮಗುವನ್ನು ಕರೆದುಕೊಳ್ಳಲು ಗೇಟಿನಲ್ಲಿ ಯಾರು ನಿಂತಿದ್ದರು?

ನಾನೇ ಬರುತ್ತಿದ್ದೆ. ಮನೆಗೆ ಬಣ್ಣ ಬಳಿಯುವವರು ಬಂದು ಕೂತಿದ್ದಾರೆ, ಬಿಟ್ಟು ಹೊರಟರೆ ಹಜಾರಕ್ಕೆ ಪೂರ್ತಿ ಗುಲಾಬಿ ಬಳಿದುಬಿಡುತ್ತಾರೆ. ಆದರೆ ಒಂದು ಮಾತು ನೆನಪಿಟ್ಟುಕೋ. ಏಳು ವರ್ಷದ ಮಗುವಿನ ಕೈ ಮುರಿದವನು ಏನೂ ಆಗದವನಂತೆ ಮನೆಗೆ ಹೋಗಿ ಊಟ ಮಾಡಿ ಮಲಗಬಾರದು. ಅದನ್ನು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಮಾಮಾ,
ರುದ್ರಪ್ಪ


ಕಾಕ್ಕನಾಡ್
18 ಜೂನ್ 2025

ಪ್ರೀತಿಯ ಮಾಮಾ,

ನಮಸ್ಕಾರ. ಕೃಪಾ ಆರಾಮಾಗಿದ್ದಾಳೆ, ನೀವು ಗಾಬರಿಯಾಗಬೇಡಿ. ಮೊಣಕೈ ಕೆಳಗಿನ ಒಂದು ಎಲುಬು ಬಿರುಕು ಬಿಟ್ಟಿದೆ, ಆರು ವಾರ ಪ್ಲಾಸ್ಟರು. ಫ್ಲಾಟಿನ ಮಕ್ಕಳೆಲ್ಲ ಅದರ ಮೇಲೆ ಹೆಸರು ಬರೆದಿದ್ದಾರೆ. ಜಾಗ ಸಾಲದೆ ನಿನ್ನೆ ಎರಡನೇ ಮಹಡಿಯ ಹುಡುಗಿಯೊಬ್ಬಳು ಅಳುತ್ತ ಹೋದಳು.

ಬಸ್ಸು ಎಂದಿನಂತೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಗೇಟಿನ ಹತ್ತಿರ ನಿಂತಿತ್ತು. ಆಯಾ ಜುಬೈದಾ ಕೆಳಗಿಳಿದಿದ್ದರು. ಮಕ್ಕಳೆಲ್ಲ ಅವರನ್ನು ‘ಇತ್ತ’ ಎನ್ನುತ್ತಾರೆ, ಅಂದರೆ ಇಲ್ಲಿಯ ಮಾತಿನಲ್ಲಿ ಅಕ್ಕ. ಮಳೆಗೆ ರಸ್ತೆಯ ಬದಿಯಲ್ಲಿ ಮರಳು ಬಂದು ನಿಂತಿತ್ತು. ಬಸ್ಸಿನ ಎಡಗಡೆಯಿಂದ ಬಂದ ಸ್ಕೂಟರು ಜಾರಿ ಬಿತ್ತು, ಹ್ಯಾಂಡಲ್ ಕೃಪಾಳ ಕೈಗೆ ತಾಗಿತು. ಅಷ್ಟೇ. ನಾನು ಆಫೀಸಿನಲ್ಲಿದ್ದೆ. ಸ್ಕೂಟರಿನ ನಂಬರನ್ನು ಆ ಗದ್ದಲದಲ್ಲಿ ಯಾರೂ ಬರೆದುಕೊಳ್ಳಲಿಲ್ಲ.

ಸ್ಕೂಟರಿನವರು ಓಡಿಹೋಗಲಿಲ್ಲ ಮಾಮಾ. ಅವರೇ ಆಟೋ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಹಳ ನೊಂದುಕೊಂಡರು. ಆದದ್ದು ಆಯಿತು, ಇದನ್ನು ದೊಡ್ಡದು ಮಾಡುವುದು ಬೇಡ ಎಂದು ನಮಗೆ ಅನ್ನಿಸಿದೆ.

ಹಜಾರಕ್ಕೆ ಗುಲಾಬಿ ಚೆನ್ನಾಗಿರುತ್ತದೆ. ವಿನಾಯಕ್ ನಮಸ್ಕಾರ ಹೇಳಿದ್ದಾರೆ.

ನಿಮ್ಮ
ಜೀವಿತಾ


ತಿರುವನಂತಪುರ
22 ಜೂನ್ 2025

ಚಿರಂಜೀವಿ ಜೀವಿತಾಳಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಆರು ಪ್ರಶ್ನೆಗಳಿಗೆ ಎರಡು ಉತ್ತರ ಬಂದಿವೆ. ಉಳಿದದ್ದಿರಲಿ, ಇದಕ್ಕೆ ಉತ್ತರ ಕೊಡು: ಮಗುವಿಗೆ ಗುದ್ದಿದವನಿಗೆ ‘ಅವರು’, ‘ಹೋದರು’, ‘ನೊಂದುಕೊಂಡರು’ ಎಂದು ಬಹುವಚನ ಯಾಕೆ? ಅವನೇನು ನಿಮ್ಮ ಮನೆಯ ಅಳಿಯನೆ?

ಮ್ಯೂಸಿಯಂ ಮೈದಾನದಲ್ಲಿ ಬೆಳಗಿನ ಹೊತ್ತು ನನ್ನ ಜೊತೆ ನಡೆಯುವ ರಾಜೀವ್ ಇದ್ದಾರಲ್ಲ, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಅವರನ್ನು ಕೇಳಿದೆ. ಅವರು ಐದು ಸುತ್ತು ನಡೆದು ಐದು ದಾರಿ ಹೇಳಿದರು. ಮೊದಲು ಪೊಲೀಸ್ ದೂರು: ಅಜಾಗರೂಕ ಚಾಲನೆ, ಭಾರತೀಯ ನ್ಯಾಯ ಸಂಹಿತೆ, ಕಲಂ 281. ಆಮೇಲೆ ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿ. ಅಲ್ಲಿ ಮಗುವಿನ ಪರವಾಗಿ ತಾಯಿ ಅರ್ಜಿ ಹಾಕಬಹುದು, ಆರು ತಿಂಗಳೊಳಗೆ ಹಾಕಿದರೆ ಕ್ಷೇಮ. ಬಸ್ಸಿನಲ್ಲಿ ಸುರಕ್ಷತೆಯ ನಿಯಮ ಪಾಲಿಸಿದ್ದಾರೋ ಇಲ್ಲವೋ ಎಂದು ಸಾರಿಗೆ ಕಚೇರಿಗೆ ಬರೆಯಬಹುದು. ಮಕ್ಕಳ ಹಕ್ಕುಗಳ ಆಯೋಗವಿದೆ. ಬಸ್ಸಿಗೆ ಶುಲ್ಕ ಕಟ್ಟುವುದರಿಂದ ಗ್ರಾಹಕರ ಆಯೋಗವೂ ಇದೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ ಎಂದರು ರಾಜೀವ್. ನನಗೆ ಐದೂ ಇಷ್ಟವಾದವು.

ಅಲ್ಲಿಯವರೆಗೆ ಸ್ಕೂಟರಿನವನು ಕೊಟ್ಟ ಯಾವ ಕಾಗದಕ್ಕೂ ಸಹಿ ಹಾಕಬೇಡ. ಹಣ್ಣು, ಬಿಸ್ಕತ್ತು ಏನು ತಂದರೂ ಮುಟ್ಟಬೇಡ. ಅವನನ್ನು ಹೊಸ್ತಿಲು ದಾಟಲು ಬಿಡಬೇಡ. ಆಸ್ಪತ್ರೆಯ ಕಾಗದದ ಝೆರಾಕ್ಸ್ ಕಳಿಸು. ಘಟನೆ ನಡೆದ ಜಾಗದ ಒಂದು ನಕ್ಷೆಯೂ ಬೇಕು.

ಗುಲಾಬಿ ಬೇಡವೆಂದು ಹೇಳಿದ್ದೇನೆ.

ರುದ್ರಪ್ಪ


ಕಾಕ್ಕನಾಡ್
27 ಜೂನ್ 2025

ಪ್ರೀತಿಯ ಮಾಮಾ,

ಆಸ್ಪತ್ರೆಯ ಕಾಗದದ ಝೆರಾಕ್ಸ್ ಇಟ್ಟಿದ್ದೇನೆ. ಅದರಲ್ಲಿ ಮಗು ಬಿದ್ದು ಪೆಟ್ಟಾಗಿದೆ ಎಂದೇ ಬರೆದಿದ್ದಾರೆ. ಹಾಗೇ ಇರಲಿ ಮಾಮಾ, ಇಲ್ಲಿಗೆ ಮುಗಿಸಿಬಿಡೋಣ.

ಸ್ಕೂಟರಿನವರು, ಅಂದರೆ ಸ್ಕೂಟರಿನವನು, ನೀವು ಅಂದುಕೊಂಡಂಥ ಮನುಷ್ಯ ಅಲ್ಲ. ಆಸ್ಪತ್ರೆಯ ಬಿಲ್ಲನ್ನು ಅವರೇ ಕಟ್ಟಿದರು, ಕಟ್ಟಿದ. ದಿನಾ ಸಂಜೆ ಕೃಪಾಳ ಹತ್ತಿರ ಬಂದು ಕೂರುತ್ತಾನೆ. ಅವಳಿಗೆ ಕಂಜಿ ಕುಡಿಸುತ್ತಾನೆ. ಬೇರೆ ಯಾರು ಕುಡಿಸಿದರೂ ಅವಳು ಕುಡಿಯುವುದಿಲ್ಲ. ಅವನ ಮೊಣಕಾಲೂ ತರಚಿದೆ, ಮೆಟ್ಟಿಲು ಹತ್ತುವಾಗ ಕುಂಟುತ್ತಾನೆ. ಹದಿನೈದು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಇಂಥವನ ಮೇಲೆ ಕೋರ್ಟಿಗೆ ಹೋಗುವುದು ಹೇಗೆ?

ನಕ್ಷೆಯನ್ನು ಕೃಪಾ ತಾನೇ ಬರೆಯುತ್ತೇನೆಂದು ಹಟ ಹಿಡಿದು ಕೂತಿದ್ದಾಳೆ. ನನಗೆ ಎಂಟೂವರೆಗೆ ಮೀಟಿಂಗ್ ಇದೆ. ಅವಳೇ ಲಕೋಟೆಗೆ ಹಾಕಿ ಅಂಟಿಸಿ ಕೆಳಗೆ ಸೆಕ್ಯುರಿಟಿಯವರ ಕೈಗೆ ಕೊಡುತ್ತಾಳೆ.

ನಿಮ್ಮ
ಜೀವಿತಾ


ತಿರುವನಂತಪುರ
1 ಜುಲೈ 2025

ಚಿರಂಜೀವಿ ಜೀವಿತಾಳಿಗೆ ಆಶೀರ್ವಾದಗಳು.

ಇದು ನಾನು ತಿಳಿದದ್ದಕ್ಕಿಂತ ದೊಡ್ಡ ವ್ಯವಹಾರವಾಗಿದೆ.

ನೀನು ಸ್ಕೂಟರು ಎನ್ನುತ್ತೀ, ಆಸ್ಪತ್ರೆಯ ಕಾಗದ ಬಿದ್ದಳು ಎನ್ನುತ್ತದೆ. ಬಿಲ್ಲು ಕಟ್ಟಿದವನು ಸ್ಕೂಟರಿನವನು. ಅಂದರೆ ಆಸ್ಪತ್ರೆಯಲ್ಲಿ ಹಾಗೆ ಬರೆಸಿದವನೂ ಅವನೇ. ಈಗ ದಿನಾ ಮನೆಗೆ ಬಂದು ಮಗುವಿಗೆ ಗಂಜಿ ಕುಡಿಸುತ್ತಾನೆ! ಜೀವಿತಾ, ನಿನಗೆ ಎಂಜಿನಿಯರಿಂಗ್ ಓದಿಸಿದ್ದು ನಾನು. ಇಷ್ಟು ಸರಳವಾದ ಮೋಸ ನಿನಗೆ ಕಾಣುವುದಿಲ್ಲವೆ? ಸಾಕ್ಷಿ ಹೇಳಬೇಕಾದ ಮಗುವನ್ನು ಅವನು ಒಲಿಸಿಕೊಳ್ಳುತ್ತಿದ್ದಾನೆ.

ನಿನಗಿಂತ ಕೃಪಾ ವಾಸಿ. ಅವಳ ನಕ್ಷೆ ನನ್ನ ಮುಂದಿದೆ. ಹಳದಿ ಬಸ್ಸು, ಅದರ ಪಕ್ಕ ತಲೆಗೆ ಶಾಲು ಹೊದ್ದ ಹೆಂಗಸು, ಎಡಗಡೆ ಅಡ್ಡಬಿದ್ದ ಸ್ಕೂಟರು, ಅದರ ಹತ್ತಿರ ಮೀಸೆಯಿರುವ ಒಬ್ಬ ಗಂಡಸು ಬಾಯಿ ತೆರೆದು ಅಳುತ್ತಿದ್ದಾನೆ. ಅವನ ತಲೆಯ ಮೇಲೆ ಮಲಯಾಳಂ ಅಕ್ಷರದಲ್ಲಿ ‘ಅಚ್ಛನ್’ ಎಂದು ಬರೆದಿದ್ದಾಳೆ. ಅಪ್ಪ! ಅಂದರೆ ವಿನಾಯಕ ಅಲ್ಲೇ ಇದ್ದ! ಇದನ್ನು ನೀನು ನನಗೆ ಬರೆಯಲಿಲ್ಲ. ಪ್ರತ್ಯಕ್ಷ ಸಾಕ್ಷಿಯೊಬ್ಬ ಮನೆಯಲ್ಲೇ ಇರುವಾಗ ಸ್ಕೂಟರಿನ ನಂಬರು ಸಿಗಲಿಲ್ಲ ಎನ್ನುತ್ತೀಯಲ್ಲ! ಸ್ಕೂಟರಿನವನ ಚಿತ್ರವನ್ನು ಮಾತ್ರ ಪಾಪ ಹೆದರಿ ಬಿಟ್ಟಿದ್ದಾಳೆ.

ಇನ್ನೊಂದು ಸಂಗತಿ ಗಮನಿಸಿದೆ. ಅವನು ಸಂಜೆ ಬರುವ ಹೊತ್ತಿಗೆ ವಿನಾಯಕ ಎಲ್ಲಿರುತ್ತಾನೆ? ಅವರಿಬ್ಬರೂ ಒಂದೇ ಕಡೆ ಇದ್ದರೆಂದು ನಿನ್ನ ಎರಡು ಪತ್ರಗಳಲ್ಲಿ ಒಂದು ಸಾಲೂ ಇಲ್ಲ. ನಿನ್ನ ಗಂಡ ಅವನನ್ನು ಕಂಡರೆ ಹೆದರಿ ಅಡಗಿಕೊಳ್ಳುತ್ತಿದ್ದಾನೆ. ಅವನಿಗೆ ಧೈರ್ಯ ಹೇಳು. ಸಾಕ್ಷಿ ನುಡಿಯುವುದು ಅಂಥ ಕಷ್ಟವಲ್ಲ.

ನಾನು ಸುಮ್ಮನೆ ಕೂತಿಲ್ಲ. ಶಾಲೆಯ ಪ್ರಿನ್ಸಿಪಾಲರಿಗೆ ಇವತ್ತು ದೂರು ಬರೆದು ಪೋಸ್ಟು ಮಾಡಿದ್ದೇನೆ, ಅದರ ಪ್ರತಿ ಸಾರಿಗೆ ಕಚೇರಿಗೆ. ಮಗುವಿನ ಕೈ ಹಿಡಿದು ಗೇಟು ಮುಟ್ಟಿಸದ ಆಯಾಳ ಮೇಲೆ ಮೊದಲು ಕ್ರಮವಾಗಬೇಕು ಎಂದು ಬರೆದಿದ್ದೇನೆ. ಇಂಗ್ಲಿಷ್ ಪತ್ರ, ನಾಲ್ಕು ಪುಟ. ರಾಜೀವ್ ಓದಿ ತಲೆ ಹಿಡಿದುಕೊಂಡು ಕೂತರು. ಅಷ್ಟು ಬಲವಾಗಿದೆ.

ರುದ್ರಪ್ಪ


ಕಾಕ್ಕನಾಡ್
9 ಜುಲೈ 2025

ಮಾಮಾ,

ಈ ಪತ್ರವನ್ನು ಕೂತು ಓದಿ. ಅತ್ತೆ ಮನೆಯಲ್ಲಿರುವಾಗ ಓದಿದರೆ ಇನ್ನೂ ಒಳ್ಳೆಯದು.

ನಿನ್ನೆ ಸಂಜೆ ಜುಬೈದಾ ಇತ್ತ ಮನೆಗೆ ಬಂದಿದ್ದರು. ಕೃಪಾಗೆ ಬಾಳೆಹಣ್ಣಿನ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದರು. ಮಾತಿನ ನಡುವೆ, ಸೋಮವಾರದಿಂದ ಬಸ್ಸಿನ ಕೆಲಸ ಇಲ್ಲ ಎಂದರು. ನಿಮ್ಮ ಪತ್ರ ಬಂದ ಮೇಲೆ ಶಾಲೆಯವರು ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದರಂತೆ. ಹನ್ನೊಂದು ವರ್ಷ ಅದೇ ಬಸ್ಸಿನಲ್ಲಿದ್ದವರು. ಪತ್ರ ಬರೆದವರು ಯಾರು ಎಂದು ಅವರಿಗೆ ಗೊತ್ತಿಲ್ಲ. ನಾನು ಅಳುವುದನ್ನು ನೋಡಿ ಅವರೇ ನನ್ನ ಬೆನ್ನು ಸವರಿ, “ಸಾರಮಿಲ್ಲ ಮೋಳೆ, ಹೋಗಲಿ ಬಿಡು ಮಗಳೇ” ಎಂದು ಸಮಾಧಾನ ಹೇಳಿದರು.

ಆಗ ಕೃಪಾ ತನ್ನ ಮಲಯಾಳಂನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: “ಇತ್ತ ನನ್ನ ಕೈ ಹಿಡಿದಿದ್ದರು. ನಾನೇ ಬಿಡಿಸಿಕೊಂಡು ಅಚ್ಛನ ಹತ್ತಿರ ಓಡಿದ್ದು. ಅಚ್ಛನ ಸ್ಕೂಟರು ಬಿತ್ತು.”

ಮಾಮಾ, ಸ್ಕೂಟರಿನವನ ಹೆಸರು ವಿನಾಯಕ್.

ಆ ದಿನ ಕೃಪಾಳನ್ನು ಕರೆದುಕೊಳ್ಳುವ ಸರದಿ ಅವರದು. ಹೊರಡುವುದು ತಡವಾಯಿತು. ಬರುವಾಗ ಬಸ್ಸು ಆಗಲೇ ನಿಂತಿತ್ತು. ಹಿಂದೆ ಕಾಯುವುದು ಬಿಟ್ಟು ಎಡಗಡೆಯ ಸಂದಿಯಲ್ಲಿ ನುಗ್ಗಿದರು. ಅಪ್ಪನನ್ನು ಕಂಡು ಇವಳು ಓಡಿದಳು. ಅವರು ಬ್ರೇಕ್ ಹಾಕಿದರು, ಮರಳಿನ ಮೇಲೆ ಸ್ಕೂಟರು ಜಾರಿತು. ಅವಳನ್ನು ಎತ್ತಿಕೊಂಡು ಆಟೋ ನಿಲ್ಲಿಸಿದ್ದು ಜುಬೈದಾ ಇತ್ತ. ವಿನಾಯಕ್‌ಗೆ ಆಗ ಕೈಕಾಲು ಆಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದಾಗ ಅವರ ಬಾಯಿಂದ ಬಂದದ್ದು “ಬಿದ್ದಳು” ಎಂಬ ಒಂದೇ ಮಾತು. ಅಷ್ಟು ಹೊತ್ತಿಗೆ ನಾನೂ ಬಂದು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ. ಆದ್ದರಿಂದ ಸುಳ್ಳಿನಲ್ಲಿ ಅರ್ಧ ನನ್ನದು. ನಿಮಗೆ ಬರೆದದ್ದು ಪೂರ್ತಿ ನನ್ನದು.

ನಿಮಗೆ ಯಾಕೆ ಹೇಳಲಿಲ್ಲ ಎಂದರೆ, ನಮ್ಮ ಮದುವೆಯಲ್ಲಿ ಊಟಕ್ಕೆ ಕೂತಾಗ ನೀವು ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದ್ದಿರಿ: “ಹುಡುಗ ಛಲೋ ಅದಾನ, ಆದ್ರ ಭಾಳ ಗಡಿಬಿಡಿ ಮನಷ್ಯಾ. ಒಂದಿನ ಯಾರಿಗರ ಗುದ್ತಾನ ನೋಡ್ರಿ.” ಒಂಬತ್ತು ವರ್ಷದಿಂದ ವಿನಾಯಕ್ ಆ ಮಾತು ಸುಳ್ಳು ಮಾಡಲು ನಲವತ್ತರ ಮೇಲೆ ಸ್ಕೂಟರು ಓಡಿಸಿಲ್ಲ. ಆ ಒಂದು ದಿನ ಬಿಟ್ಟು.

ನಿಮ್ಮ ಜುಲೈ ಒಂದರ ಪತ್ರವನ್ನು ಅವರು ಓದಿದ್ದಾರೆ. ಮೊದಲು ನಕ್ಕರು, ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು. ನಿನ್ನೆ ಜುಬೈದಾ ಇತ್ತ ಹೋದ ಮೇಲೆ ಹೇಳಿದರು: “ಸ್ಟೇಷನ್‌ಗೆ ನಾನೇ ಹೋಗ್ತೀನಿ ಕಣೆ, ಶಾಲೆಗೂ ಹೋಗ್ತೀನಿ. ಆದ್ರೆ ಮೊದಲು ನಿಮ್ಮ ಮಾವನಿಗೆ ನೀನು ಬರಿ. ಪೊಲೀಸ್ನೋರಿಗಿಂತ ಅವರೇ ನಂಗೆ ಭಯ.”

ಬರೆದಿದ್ದೇನೆ.

ಜೀವಿತಾ


ತಿರುವನಂತಪುರ
12 ಜುಲೈ 2025

ಪತ್ರ ತಲುಪಿದೆ. ವಿಷಯ ಪರಿಶೀಲನೆಯಲ್ಲಿದೆ.

ರುದ್ರಪ್ಪ


ಕಾಕ್ಕನಾಡ್
21 ಜುಲೈ 2025

ಪ್ರೀತಿಯ ಮಾಮಾ,

ನೀವು ಪರಿಶೀಲನೆ ಶುರುಮಾಡಿ ಒಂಬತ್ತು ದಿನವಾಯಿತು. ಅತ್ತೆಗೆ ಫೋನು ಮಾಡಿದರೆ, “ನಿಮ್ಮ ಮಾಮಾ ಹಜಾರದಾಗ ಕುಂತು ಗ್ವಾಡಿ ನೋಡಾಕತ್ತಾರ” ಎಂದರು. ನೀವು ಬೈದಿದ್ದರೆ ನನಗೆ ಇದಕ್ಕಿಂತ ಸುಲಭವಾಗುತ್ತಿತ್ತು.

ಇಲ್ಲಿ ನಡೆದದ್ದನ್ನು ಬರೆಯುತ್ತೇನೆ. ಹೋದ ಸೋಮವಾರ ನಾವು ಮೂವರೂ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಸಬ್‌ಇನ್‌ಸ್ಪೆಕ್ಟರ್ ಸುಮಯ್ಯಾ ಎಂಬವರು. ಗುದ್ದಿದ್ದು ಯಾರು ಎಂದು ಕೇಳಿದರು. ನಾನೇ ಎಂದರು ವಿನಾಯಕ್. ಪೆಟ್ಟಾದ ಮಗು ಎಲ್ಲಿ ಎಂದರು. ಅವಳು ವಿನಾಯಕ್ ತೊಡೆಯ ಮೇಲೆ ಕೂತು ಮೇಜಿನ ಮೇಲಿನ ಸೀಲನ್ನು ಪ್ಲಾಸ್ಟರಿಗೆ ಒತ್ತಿಕೊಳ್ಳುತ್ತಿದ್ದಳು. ಸುಮಯ್ಯಾ ಮೇಡಂ ಪೆನ್ನು ಕೆಳಗಿಟ್ಟು, “ಆರೋಪಿಯನ್ನು ಹುಡುಕುವುದರಲ್ಲೇ ನಮ್ಮ ವರ್ಷ ಕಳೆಯುತ್ತದೆ. ದೂರುದಾರರನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದವರು ನೀವೇ ಮೊದಲು” ಎಂದರು. ನಕ್ಕರೂ ಬಿಡಲಿಲ್ಲ. ಕೇಸು ದಾಖಲಾಗಿದೆ. ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದಕ್ಕೆ ನಮ್ಮಿಬ್ಬರಿಗೂ ಅರ್ಧ ಗಂಟೆ ಬುದ್ಧಿ ಹೇಳಿದರು. ಕೃಪಾ ನನ್ನನ್ನೇ ನೋಡುತ್ತಿದ್ದಳು. ಅದು ಬಹಳ ನೋಯಿಸಿತು.

ಆಮೇಲೆ ಎರ್ನಾಕುಲಂನಲ್ಲಿ ನಿರ್ಮಲ ಎಂಬ ವಕೀಲರನ್ನು ಕಂಡೆವು. ಇಲ್ಲಿಗೇ ಮುಗಿಯಿತಲ್ಲ ಎಂದರೆ ಅವರು ಇಲ್ಲ ಎಂದರು. ಪರಿಹಾರ ಕೇಳುವ ಹಕ್ಕು ಕೃಪಾಳದು, ಅಪ್ಪ ಅಮ್ಮನಿಗೆ ನಾಚಿಕೆಯಾಗುತ್ತದೆಂದು ಅದನ್ನು ಬಿಟ್ಟುಕೊಡುವಂತಿಲ್ಲವಂತೆ. ಎಲುಬು ನೇರವಾಗಿ ಕೂಡದಿದ್ದರೆ ಮುಂದೆ ಚಿಕಿತ್ಸೆ ಬೇಕಾಗಬಹುದು. ರಸ್ತೆಯಲ್ಲಿದ್ದ ಮಗು ಓಡಿಸಿದವರದೇ ಮಗಳಾದರೂ ಸ್ಕೂಟರಿನ ವಿಮೆಯವರನ್ನು ಕೇಳಬಹುದು ಎಂದರು. ಬಂದರೆ ಅದು ಅವಳ ಹೆಸರಿನಲ್ಲಿ, ಹದಿನೆಂಟು ತುಂಬುವವರೆಗೆ ಯಾರೂ ಮುಟ್ಟುವಂತಿಲ್ಲ. ಆದರೆ ಅರ್ಜಿ ಹೇಗಿರುತ್ತದೆ ಗೊತ್ತೆ? ಅರ್ಜಿದಾರಳು ಕೃಪಾ, ಅವಳ ಪರವಾಗಿ ತಾಯಿ ಜೀವಿತಾ. ಒಂದನೇ ಪ್ರತಿವಾದಿ ವಿನಾಯಕ್!

“ಹಾಗಾದ್ರೆ ನಾನು ಬೇರೆ ವಕೀಲರನ್ನ ಇಟ್ಕೋಬೇಕಾ ಮೇಡಂ?” ಎಂದರು ವಿನಾಯಕ್.

“ಖಂಡಿತ ಇಟ್ಟುಕೊಳ್ಳಬೇಕು. ಮನೆಗೆ ಮಾತ್ರ ಒಂದೇ ಆಟೋದಲ್ಲಿ ಹೋಗಬಹುದು” ಎಂದರು ನಿರ್ಮಲ ಮೇಡಂ.

ಆಸ್ಪತ್ರೆಯ ಕಾಗದದಲ್ಲಿ ‘ಬಿದ್ದಳು’ ಎಂದಿರುವುದನ್ನು ವಿಮೆಯವರು ಹಿಡಿದುಕೊಳ್ಳುತ್ತಾರೆ, ಗೆಲ್ಲುತ್ತೇವೆಂದು ಮಾತು ಕೊಡಲಾರೆ ಎಂದೂ ಹೇಳಿದ್ದಾರೆ. ಆ ಒಂದು ಮಾತಿನಿಂದ ಮಗುವಿಗೆ ಬರಬೇಕಾದದ್ದು ತಪ್ಪಿದರೆ ಅದಕ್ಕೂ ನಾವೇ ಕಾರಣ. ಬುಧವಾರ ಪ್ಲಾಸ್ಟರು ತೆಗೆಯುತ್ತಾರೆ.

ಶಾಲೆಯದೇ ಕಷ್ಟ. ವಿನಾಯಕ್ ಹೋಗಿ ಎಲ್ಲ ಹೇಳಿ ಬರೆದುಕೊಟ್ಟರು. ಪ್ರಿನ್ಸಿಪಾಲರು ಪಾಪ ಕೇಳಿಸಿಕೊಂಡರು. ಆದರೆ ಲಿಖಿತ ದೂರು ಕೊಟ್ಟವರು ಬೇರೆ, ಅವರು ಹಿಂದಕ್ಕೆ ತೆಗೆದುಕೊಳ್ಳದೆ ವಿಚಾರಣೆ ಮುಚ್ಚಲಾಗುವುದಿಲ್ಲವಂತೆ. ನಾಲ್ಕು ಪುಟದ ಆ ಪತ್ರಕ್ಕೆ ಅವರೂ ಹೆದರಿದ್ದಾರೆ. ಜುಬೈದಾ ಇತ್ತ ಮನೆಯಲ್ಲೇ ಇದ್ದಾರೆ. ಕೃಪಾಳ ಬಸ್ಸಿನ ಮಕ್ಕಳು ಹೊಸ ಆಯಾಳ ಜೊತೆ ಮಾತು ಬಿಟ್ಟಿದ್ದಾರಂತೆ.

ನಮಗೆ ಎಷ್ಟು ಬೇಕಾದರೂ ಬೈಯಿರಿ ಮಾಮಾ. ಆ ಪತ್ರವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಿ.

ನಿಮ್ಮ
ಜೀವಿತಾ


ತಿರುವನಂತಪುರ
28 ಜುಲೈ 2025

ಚಿರಂಜೀವಿ ಜೀವಿತಾಳಿಗೆ ರುದ್ರಪ್ಪ ಮಾಮಾನ ಆಶೀರ್ವಾದಗಳು. ಕೃಪಾಳಿಗೂ. ಒಂದನೇ ಪ್ರತಿವಾದಿಗೂ.

ಕೈ ನೇರವಾಗಿ ಕೂಡಿದೆ ಎಂದು ರತ್ನ ಹೇಳಿದಳು. ಈ ಸಲ ಚಪ್ಪಲಿ ಮೆಟ್ಟುವ ಮೊದಲೇ, ನನ್ನ ಬಲಗಿವಿಯ ಹತ್ತಿರ ನಿಂತು ಹೇಳಿದಳು. ಎರಡು ಸಲ ಹೇಳಿಸಿಕೊಂಡೆ.

ಹದಿನಾರು ದಿನ ನಾನು ಬರೆಯಲಿಲ್ಲ. ಮೊದಲ ಎರಡು ದಿನ ಸಿಟ್ಟು. ಮೂರನೇ ದಿನ ವಿನಾಯಕನಿಗೆ ಐದು ಪುಟ ಬೈಗುಳ ಬರೆದೆ. ‘ಮಗುವಿನ ಗಾಯವನ್ನು ಮುಚ್ಚಿಟ್ಟು ನಿರಪರಾಧಿಯ ಮೇಲೆ ಆರೋಪ ಬರುವಂತೆ ಮಾಡಿದ ನಿನ್ನಂಥವನು’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಮುಂದೆ ಹೋಗಲೇ ಇಲ್ಲ. ಯಾಕೆ ನಿಂತಿತು ಎಂದು ನಿನಗೆ ಹೇಳಬೇಕು. ಇದನ್ನು ನಾನು ರತ್ನಳಿಗೂ ಹೇಳಿಲ್ಲ.

ನಿನ್ನ ಬಲ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆಯಲ್ಲ, ಅದು ಹೇಗಾಯಿತು ಎಂದು ಯಾರಾದರೂ ಕೇಳಿದರೆ ನೀನು ಎಮ್ಮೆ ಹಾಯ್ದದ್ದು ಎನ್ನುತ್ತೀ. ನಿನ್ನ ಮದುವೆಯಲ್ಲಿ ವಿನಾಯಕನ ಮನೆಯವರಿಗೂ ಹಾಗೇ ಹೇಳಿದೆ. ಎಮ್ಮೆ ಹಾಯಲಿಲ್ಲ ಜೀವಿತಾ. ನಿನಗೆ ಆರು ವರ್ಷ. ನಾನು ರಜೆಗೆ ರೋಣಕ್ಕೆ ಬಂದಿದ್ದೆ. ನಿನ್ನನ್ನು ಸೈಕಲ್ಲಿನ ಮುಂದಿನ ಡಂಡಿಯ ಮೇಲೆ ಕೂರಿಸಿಕೊಂಡು ಕೆರೆಯ ದಾರಿಯಲ್ಲಿ ಹೊರಟೆ. ಇಳಿಜಾರು ಬಂತು. “ಮಾಮಾ ಹೆಂಗ ಹೊಡೀತಾನ ನೋಡವಾ” ಎಂದು ಎರಡೂ ಕೈ ಬಿಟ್ಟು ತೋರಿಸಿದೆ. ಮೂವತ್ಮೂರು ವರ್ಷದವನು, ಕೇಂದ್ರ ಸರ್ಕಾರದ ನೌಕರ.

ರಕ್ತ ನೋಡಿ ನನ್ನ ಕೈಕಾಲೂ ಆಡಲಿಲ್ಲ. ನಿನ್ನ ಅವ್ವ ಓಡಿ ಬಂದು ಏನಾತೋ ಎಂದಳು. ಎದುರಿಗೆ ಪಕ್ಕದ ಮನೆಯ ಎಮ್ಮೆ ನಿಂತಿತ್ತು. ಅದನ್ನು ತೋರಿಸಿದೆ. ನೀನು ಅಳು ನಿಲ್ಲಿಸಿ ನನ್ನ ಮುಖ ನೋಡಿದೆ, ಆಮೇಲೆ “ಹೌದು, ಎಮ್ಮಿ” ಎಂದೆ. ಇಂಥ ಸುಳ್ಳಿಗೆ ನಿನಗೆ ಮೊದಲ ಪಾಠ ಹೇಳಿಕೊಟ್ಟವನು ನಾನೇ. ಆಮೇಲೆ ಹೇಳುತ್ತ ಹೇಳುತ್ತ ಅದು ನಿನಗೇ ನಿಜವಾಯಿತು ಎಂದು ಕಾಣುತ್ತದೆ.

ನಿನ್ನ ಅವ್ವನ ಬಾಯಿ ನಿನಗೆ ಗೊತ್ತು. ಪಕ್ಕದ ಮನೆಯವರು ಆ ಬೈಗುಳ ತಾಳಲಾರದೆ ಮುಂದಿನ ವಾರವೇ ಎಮ್ಮೆಯನ್ನು ಗದಗದ ಸಂತೆಗೆ ಹೊಡೆದುಕೊಂಡು ಹೋದರು. ಬಹಳ ಸಾಧು ಎಮ್ಮೆ. ಆ ರಜೆಯುದ್ದಕ್ಕೂ ನಾನು ಕುಡಿದದ್ದು ಅದರ ಹಾಲಿನ ಚಹಾವನ್ನೇ. ಹೋಗುವಾಗ ನಮ್ಮ ಬಾಗಿಲ ಮುಂದೆ ನಿಂತು ಒಮ್ಮೆ ಕೂಗಿತು. ನಿನ್ನ ಅವ್ವ ತೀರಿಕೊಳ್ಳುವವರೆಗೂ ನಾನು ಬಾಯಿ ಬಿಡಲಿಲ್ಲ.

ಆ ಎಮ್ಮೆಯ ಹತ್ತಿರ ತಪ್ಪಾಯಿತು ಎನ್ನಲು ಈಗ ದಾರಿಯಿಲ್ಲ. ಜುಬೈದಾ ಇದ್ದಾರೆ.

ದೂರು ಹಿಂದಕ್ಕೆ ತೆಗೆದುಕೊಂಡಿದ್ದೇನೆಂದು ಶಾಲೆಗೂ ಸಾರಿಗೆ ಕಚೇರಿಗೂ ಇವತ್ತೇ ಬರೆದಿದ್ದೇನೆ. ಒಂದೇ ಪುಟ. ಆದರೆ ನಾಲ್ಕು ಪುಟದಲ್ಲಿ ಆಡಿದ ಮಾತಿಗೆ ಒಂದು ಪುಟ ಸಾಲದು. ಶುಕ್ರವಾರದ ಬೆಳಗಿನ ರೈಲಿಗೆ ಬರುತ್ತೇನೆ. ಮೊದಲು ಜುಬೈದಾ ಅವರ ಮನೆಗೆ ಹೋಗೋಣ. ಆ ಪತ್ರ ಬರೆದವನು ನಾನು ಎಂದು ನಾನೇ ಹೇಳುತ್ತೇನೆ. ಅವರು ಏನು ಬೈದರೂ ಪೂರ್ತಿ ಕೇಳಿಸಬೇಕು, ಅದಕ್ಕಾಗಿ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಅಲ್ಲಿಂದ ಅವರನ್ನು ಕರೆದುಕೊಂಡು ಶಾಲೆಗೆ ಹೋಗಿ, ಪ್ರಿನ್ಸಿಪಾಲರ ಎದುರಿಗೆ ಅದೇ ಮಾತನ್ನು ಮತ್ತೆ ಹೇಳುತ್ತೇನೆ.

ಎರ್ನಾಕುಲಂ ಸ್ಟೇಷನ್ನಿಗೆ ವಿನಾಯಕ ಬರಲಿ. ಸ್ಕೂಟರನ್ನೇ ತರಲಿ, ಹಿಂದೆ ನಾನು ಕೂರುತ್ತೇನೆ. ಹೆಲ್ಮೆಟ್ ಎರಡಿರಲಿ. ಎರಡೂ ಕೈ ಹ್ಯಾಂಡಲ್ ಮೇಲೇ ಇರಲಿ ಎಂದು ಮಾತ್ರ ಹೇಳು.

ನಿನ್ನ ಮಾಮಾ,
ರುದ್ರಪ್ಪ